ಏಳನೇ ಮಹಡಿಯ ಗಾಜು

ಗಾಜಣ್ಣನ ದಿನ ಮೇಲಿನಿಂದ ಕೆಳಕ್ಕೆ ಇಳಿಯುವಂಥದು. ಉಳಿದವರ ದಿನ ಬೆಳಗಿನಿಂದ ಸಂಜೆಗೆ ನಡೆದು ಹೋಗುತ್ತದೆ. ಇವನದು ತಾರಸಿಯಿಂದ ನೆಲಕ್ಕೆ ಹಗ್ಗ ಹಿಡಿದು ಇಳಿಯುತ್ತದೆ. ಸೊಂಟಕ್ಕೆ ಅಗಲವಾದ ಬೆಲ್ಟು, ಕೂರಲು ಒಂದು ಹಲಗೆ, ಪಕ್ಕದಲ್ಲಿ ತೂಗುವ ಸೋಪಿನ ನೀರಿನ ಬಕೆಟ್ಟು, ಕೈಯಲ್ಲಿ ನೀರೆಳೆಯುವ ರಬ್ಬರ್ ಪಟ್ಟಿ. ಇಷ್ಟಿದ್ದರೆ ಅವನ ಕಚೇರಿ ತೆರೆದಂತೆ. ಆ ಕಚೇರಿಗೆ ನಾಲ್ಕು ಗೋಡೆಯಿಲ್ಲ, ಇರುವುದು ಒಂದೇ. ಅದೂ ಗಾಜಿನದು, ಮತ್ತು ಅದರ ಹೊರಗಡೆ ಅವನು.

ಕಟ್ಟಡದ ಒಂದೊಂದು ಮಹಡಿಯಲ್ಲೂ ಒಂದೊಂದು ಕಸುಬು ಕೂತಿತ್ತು. ತೀರಾ ಮೇಲೆ ನಕ್ಷೆ ಬರೆಯುವವರು. ಅವರ ಕೆಳಗೆ ವಕೀಲರು. ಒಂಬತ್ತರಲ್ಲಿ ಹಲ್ಲಿನ ಡಾಕ್ಟರಮ್ಮ. ಏಳರಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದೇನನ್ನೋ ಕೇಳುತ್ತ ಕೂರುವವರು. ಇನ್ನೂ ಇಳಿದರೆ ದರ್ಜಿಗಳು, ಕೂದಲು ಕತ್ತರಿಸುವವರು, ಕೊನೆಗೆ ನೆಲದ ಮೇಲೆ ಬ್ಯಾಂಕು. ಇವರೆಲ್ಲರ ಕೆಲಸವನ್ನೂ ಗಾಜಣ್ಣ ಇಪ್ಪತ್ತು ವರ್ಷದಿಂದ ನೋಡುತ್ತ ಬಂದಿದ್ದ. ಯಾರೊಬ್ಬರ ದನಿಯನ್ನೂ ಕೇಳಿರಲಿಲ್ಲ. ಗಾಜು ಎರಡು ಪದರದ್ದು. ಒಳಗಿನ ಸದ್ದು ಹೊರಕ್ಕೆ ಬಾರದು, ಹೊರಗಿನದು ಒಳಕ್ಕೆ ಹೋಗದು. ಸಾಮಾನು ಸಾಗಿಸುವ ಹಿಂದಿನ ಲಿಫ್ಟು ಅವನನ್ನು ನೇರವಾಗಿ ತಾರಸಿಗೆ ಒಯ್ದುಬಿಡುತ್ತಿತ್ತು. ಹೀಗಾಗಿ ಅವನ ಪಾಲಿಗೆ ಲೋಕದ ಕಸುಬುಗಳೆಲ್ಲ ಮೂಕವಾಗಿದ್ದವು. ವಕೀಲರು ಬಾಯಿ ತೆರೆದು ಮುಚ್ಚುವುದನ್ನು ನೋಡಿದರೆ ತೊಟ್ಟಿಯ ಮೀನುಗಳ ನಡುವೆ ಆಸ್ತಿ ಜಗಳ ಹತ್ತಿದಂತಿತ್ತು. ದರ್ಜಿಯ ಹೊಲಿಗೆಯಂತ್ರ ಸದ್ದಿಲ್ಲದೆ ಓಡುವಾಗ ಬಟ್ಟೆ ತಾನಾಗಿಯೇ ಹೊಳೆಯಂತೆ ಹರಿದು ಹೋಗುತ್ತಿದೆ ಎನಿಸುತ್ತಿತ್ತು.

ಇನ್ನೊಂದು ಚೋದ್ಯವಿತ್ತು. ಸೋಪಿನ ನೀರನ್ನು ಎಳೆದ ಮೇಲೆ ಗಾಜಿನಲ್ಲಿ ಅವನ ಮುಖ ಮೂಡುತ್ತಿತ್ತು, ಒಳಗಿನವರ ಮೇಲೆಯೇ. ಡಾಕ್ಟರಮ್ಮನ ಬಿಳಿ ಕೋಟಿನ ಮೇಲೆ ಅವನ ತಲೆ; ನಕ್ಷೆಯವರ ಮೇಜಿನ ಮುಂದೆ ಅವನ ಹೆಗಲು; ಬ್ಯಾಂಕಿನ ಕುರ್ಚಿಯಲ್ಲಿ ಅವನ ಎದೆ, ಅದರ ಹಿಂದೆ ಮೋಡ. ಅರೆಗಳಿಗೆ ಅವನು ಅವರಾಗುತ್ತಿದ್ದ. ಮತ್ತೆ ಹಗ್ಗ ಸಡಿಲಾಗುತ್ತಿತ್ತು. ಕೆಳಗಿನ ಮಹಡಿಯ ಇನ್ಯಾರೋ ಆಗಲು ಇಳಿಯುತ್ತಿದ್ದ.

ಇದನ್ನೆಲ್ಲ ಸಂಜೆ ಹೆಂಡತಿಗೆ ಹೇಳದಿದ್ದರೆ ಅವನ ಗಂಟಲಲ್ಲಿ ನೀರು ಇಳಿಯುತ್ತಿರಲಿಲ್ಲ. ಅವಳು ಬ್ರೆಡ್ ಕಾರ್ಖಾನೆಯಲ್ಲಿ ಒಲೆಯ ಮುಂದೆ ಕೆಲಸ ಮಾಡುವವಳು. ಅಲ್ಲಿ ಕಿಟಕಿಗಳೇ ಇರಲಿಲ್ಲ. ಮನೆಗೆ ಬಂದು ಬಾಗಿಲ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಳೆಂದರೆ ಮೊಣಕೈಯಲ್ಲಿ ಹಿಟ್ಟು ಹಾಗೇ ಇರುತ್ತಿತ್ತು, ಸೆರಗಿನಿಂದ ಬೆಚ್ಚನೆಯ ಬ್ರೆಡ್ಡಿನ ವಾಸನೆ ಬರುತ್ತಿತ್ತು.

"ಇವತ್ತೇನು ನಡೀತು ನಿಮ್ಮ ಅರಮನೇಲಿ?" ಎಂದು ಕೇಳುತ್ತಿದ್ದಳು.

"ವಕೀಲರಲ್ಲಿ ದೊಡ್ಡ ಜಗಳ. ಗಡ್ಡದವರು ಗೆದ್ರು."

"ಗೆದ್ರು ಅಂತ ನಿಮಗೆ ಹೇಗೆ ಗೊತ್ತು? ಕೇಳಿಸ್ತಾ?"

"ಗೆದ್ದೋರು ಮೊದಲು ನೀರು ಕುಡೀತಾರೆ ಕಣೆ."

"ಯಾಕೆ, ಸೋತೋರಿಗೆ ಬಾಯಾರಲ್ವಾ?" ಅವಳು ನಗುತ್ತಿದ್ದಳು. "ದೂರದ ಬೆಟ್ಟ ನುಣ್ಣಗೆ ರೀ. ನೀವಂತೂ ಅದನ್ನ ಒರೆಸಿ ಒರೆಸಿ ಇನ್ನೂ ನುಣ್ಣಗೆ ಮಾಡಿಟ್ಟಿದೀರಿ."

ಅವನೂ ಒಮ್ಮೊಮ್ಮೆ ಕೇಳುತ್ತಿದ್ದ, "ನಿನ್ನ ಕೆಲಸ ಹೇಗಿತ್ತೇ?" ಅವಳ ಉತ್ತರ ಯಾವಾಗಲೂ ಒಂದೇ: "ಏನಿರುತ್ತೆ. ಹಿಟ್ಟು, ಬಿಸಿ. ಹಿಟ್ಟು, ಬಿಸಿ." ಅಷ್ಟು ಹೊತ್ತಿಗೆ ಅವನ ಮನಸ್ಸು ಮತ್ತೆ ಹನ್ನೆರಡನೇ ಮಹಡಿಗೆ ಹತ್ತಿರುತ್ತಿತ್ತು.

ಅವನ ಮಾತಿನಲ್ಲಿ ಎಲ್ಲರಿಗಿಂತ ಹೆಚ್ಚು ಬರುತ್ತಿದ್ದವಳು ಏಳನೇ ಮಹಡಿಯ ಹೆಂಗಸು. ಮೂಲೆಯ ಕಿಟಕಿಯ ಪಕ್ಕದಲ್ಲಿ ಅವಳ ಮೇಜು. ನಲವತ್ತರ ಆಸುಪಾಸು, ದಪ್ಪ ಜಡೆ, ಕಿವಿಯ ಮೇಲೆ ದೊಡ್ಡ ಕಪ್ಪು ಹೆಡ್‌ಫೋನು. ಅವನು ಇಳಿದಾಗಲೆಲ್ಲ ಅವಳು ತಲೆ ತಗ್ಗಿಸಿ, ಎರಡೂ ಕೈಯನ್ನು ಬಿಗಿಯಾಗಿ ಹೆಣೆದು, ಮನೆಯಲ್ಲಿ ಸಾವಾದವರಂತೆ ಕೂತಿರುತ್ತಿದ್ದಳು. ಒಮ್ಮೆಯಾದರೂ ಹಲ್ಲು ಕಂಡಿದ್ದಿಲ್ಲ. ಎಂಥ ಕೆಲಸವೋ, ಕಿವಿಗೆ ಅದ್ಯಾರು ಅಂಥ ದುಃಖವನ್ನು ಸುರಿಯುತ್ತಾರೋ ಎಂದು ಗಾಜಣ್ಣ ಮರುಗುತ್ತಿದ್ದ. ಗಾಜು ಒರೆಸುತ್ತಲೇ ಅವಳೊಡನೆ ಮಾತಾಡುತ್ತಿದ್ದ. "ನಗು ತಂಗಿ, ಒಂದ್ಸಲ ನಗು. ಈ ಕಡೆ ನೋಡು, ಆಕಾಶ ಎಷ್ಟು ಚೆನ್ನಾಗಿದೆ ಇವತ್ತು." ಒಂದು ದಿನ ನೊರೆಯಲ್ಲಿ ಹೂವು ಬರೆದ. ಅವಳು ಅದನ್ನು ನೋಡಿ ಕಣ್ಣನ್ನೇ ಮುಚ್ಚಿಕೊಂಡಳು.

ಆ ಕಿಟಕಿಯಲ್ಲಿ ಒಂದು ಚುಕ್ಕೆಯೂ ಇತ್ತು. ಕೆಳಗಿನ ಮೂಲೆಯಲ್ಲಿ, ಹೆಸರುಕಾಳಿನಷ್ಟು. ಎಷ್ಟು ಉಜ್ಜಿದರೂ ಹೋಗದು. ಗಾಜು ಒರೆಸುವವರಲ್ಲಿ ಒಂದು ಮಾತಿದೆ: ಮೂರು ಸಲ ಒರೆಸಿಯೂ ಹೋಗದ ಕಲೆ ಗಾಜಿನ ಆಚೆಬದಿಯದು, ಅದನ್ನು ಬಿಟ್ಟು ಮುಂದೆ ಹೋಗು. ಗಾಜಣ್ಣ ಎಲ್ಲ ಕಿಟಕಿಗಳಲ್ಲೂ ಈ ಮಾತನ್ನು ನಡೆಸುತ್ತಿದ್ದ. ಈ ಒಂದು ಕಿಟಕಿಯಲ್ಲಿ ಮಾತ್ರ ಉಜ್ಜುತ್ತಲೇ ಇರುತ್ತಿದ್ದ.

ಹಗ್ಗದ ಇನ್ನೊಂದು ತುದಿಯನ್ನು ತಾರಸಿಯಲ್ಲಿ ಕಾಯುತ್ತಿದ್ದವನು ಅವನ ಭಾವಮೈದ, ಹೆಂಡತಿಯ ತಮ್ಮ. ಮೇಲಿನಿಂದ ಕೂಗುತ್ತಿದ್ದ, "ಭಾವಾ, ಏಳರಲ್ಲಿ ಮನೆ ಗಿನೆ ಮಾಡಿದ್ರಾ? ಅಕ್ಕನಿಗೆ ಹೇಳ್ಲಾ?"

"ಬಾಯಿ ಮುಚ್ಕೊಂಡು ಹಗ್ಗ ಬಿಡೋ!"

*

ಕಂಪನಿಯಲ್ಲಿ ಒಂದು ನಿಯಮವಿತ್ತು. ಐವತ್ತೈದು ತುಂಬಿದವರು ಹಗ್ಗದಿಂದ ಇಳಿಯಬೇಕು. ಕೈಕಾಲು ಗಟ್ಟಿಯಿದ್ದರೂ ಅಷ್ಟೆ, ಕಲ್ಲು ತಿಂದು ಕರಗಿಸುವಂತಿದ್ದರೂ ಅಷ್ಟೆ. ಗಾಜಣ್ಣನಿಗೆ ಐವತ್ತೈದು ತುಂಬಿತು.

ಕಟ್ಟಡದ ಉಸ್ತುವಾರಿ ನೋಡಿಕೊಳ್ಳುವ ಮೇಡಂ ತಾರಸಿಗೆ ತಾವೇ ಬಂದರು. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಅವರು ಬರುವ ಮೊದಲೇ ಅದರ ಸದ್ದು ಬರುತ್ತಿತ್ತು.

"ಗಾಜಣ್ಣ, ಶನಿವಾರ ನಿಮ್ಮ ಕಡೇ ಹಗ್ಗ. ಗೊತ್ತಲ್ಲ?"

"ಗೊತ್ತು ಮೇಡಂ."

"ನಿಮ್ಮನ್ನ ಸುಮ್ಮನೆ ಕಳಿಸೋಕೆ ನನಗೆ ಮನಸ್ಸಿಲ್ಲ. ಇದೇ ಕಟ್ಟಡದಲ್ಲಿ ಮೂರು ಕಡೆ ಒಳಗಿನ ಕೆಲಸಕ್ಕೆ ಜನ ಬೇಕಂತೆ. ನಕ್ಷೆಯವರು, ಹಲ್ಲಿನ ಡಾಕ್ಟ್ರು, ಮತ್ತೆ ಏಳನೇ ಮಹಡಿಯವರು. ಟೀ ಕೊಡೋದು, ಮೇಜು ಒರೆಸೋದು, ಸಾಮಾನು ಆ ಕಡೆ ಈ ಕಡೆ ಒಯ್ಯೋದು. ಯಾವುದು ಬೇಕೋ ನೀವೇ ಆರಿಸ್ಕೊಳ್ಳಿ. ಶನಿವಾರ ಸಂಜೆ ಒಳಗೆ ಹೇಳ್ಬೇಕು."

"ಹೇಳದೇ ಇದ್ರೆ?"

"ಹೇಳದೇ ಇದ್ರೆ ಕಂಪನಿಯವರು ನೆಲಮಾಳಿಗೆ ಗೇಟಿಗೆ ಹಾಕ್ತಾರೆ. ಒಂದ್ಸಲ ಹಾಕಿದ್ಮೇಲೆ ಬದಲಾಯಿಸೋದಿಲ್ಲ. ನೀವು ಆರಿಸಿಕೊಂಡಿದ್ದೂ ಅಷ್ಟೆ, ಒಂದೇ ಸಲ. ಯೋಚನೆ ಮಾಡಿ ಹೇಳಿ."

ನೆಲಮಾಳಿಗೆಯನ್ನು ಗಾಜಣ್ಣ ಬಲ್ಲ. ಗಾಡಿಗಳು ನಿಲ್ಲುವ ಜಾಗ, ಹಗಲಲ್ಲೂ ಉರಿಯುವ ಟ್ಯೂಬ್‌ಲೈಟು, ಒಂದು ಸ್ಟೂಲು. ಅಲ್ಲಿ ಕೂತ ಕಾವಲಿನವನಿಗೆ ಹೊರಗೆ ಮಳೆ ಬಂದದ್ದು ಒದ್ದೆ ಚಕ್ರಗಳನ್ನು ನೋಡಿ ತಿಳಿಯುತ್ತಿತ್ತು. ಇಪ್ಪತ್ತು ವರ್ಷ ಮೋಡದ ನೆರೆಮನೆಯಲ್ಲಿದ್ದವನು ಅಲ್ಲಿ ಹೇಗೆ ಕೂತಾನು? ಆರಿಸಲೇಬೇಕು, ಸರಿಯಾಗಿ ಆರಿಸಬೇಕು.

"ಎಲ್ಲರ ಕೆಲಸಾನೂ ಅರೆದು ಕುಡಿದಿದೀರಲ್ಲ," ಎಂದಳು ಹೆಂಡತಿ. "ಆರಿಸೋಕೆ ನಿಮಗೇನು ಕಷ್ಟ?"

"ಕುಡಿದಿದೀನಿ ಕಣೆ. ಅದಕ್ಕೇ ಕಷ್ಟ. ಎಲ್ಲಾನೂ ಬೇಕು ಅನ್ಸುತ್ತೆ."

"ಬೀಗರೂಟಕ್ಕೆ ಹೋದೋರ ಹಾಗೆ ಆಡ್ಬೇಡಿ. ಒಂದೆಲೆ, ಒಂದೇ ಜಾಗ. ನೋಡ್ಕೊಂಡು ಕೂತ್ಕೊಳ್ಳಿ."

*

ಶನಿವಾರ ಗಾಳಿ ಇರಲಿಲ್ಲ. ಭಾವಮೈದ ಬೆಲ್ಟಿನ ಕೊಂಡಿಗಳನ್ನು ಎರಡೆರಡು ಸಲ ಎಳೆದು ನೋಡಿದ. ಇಂದು ಅವನ ಬಾಯಲ್ಲೂ ತಮಾಷೆ ಕಡಿಮೆಯಿತ್ತು. ಸೋಮವಾರದಿಂದ ಈ ಹಲಗೆಯ ಮೇಲೆ ಕೂರುವವನು ಅವನೇ.

"ಹೋಗಿ ಬನ್ನಿ ತ್ರಿಶಂಕು ಮಹಾರಾಜರೇ," ಎಂದ ಕೊನೆಗೆ. "ಕೆಳಗೆ ಭೂಲೋಕ ಕಾಯ್ತಾ ಇದೆ."

ಗಾಜಣ್ಣ ತಾರಸಿಯ ಅಂಚನ್ನು ದಾಟಿದ. ಪಾದದ ಕೆಳಗೆ ಬೀದಿ ತೆಳುವಾದ ದಾರದಂತೆ ಬಿದ್ದಿತ್ತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವನು ಕಿಟಕಿಗಳನ್ನು ಕೊಳ್ಳುವವನ ಕಣ್ಣಿನಿಂದ ನೋಡಿದ.

ನಕ್ಷೆಯವರ ಮಹಡಿ ಅವನಿಗೆ ಮೊದಲಿನಿಂದಲೂ ಇಷ್ಟ. ಉದ್ದನೆಯ ಮೇಜುಗಳು, ಮೇಲೆ ಹಾಸಿದ ಹಾಳೆಗಳು. ಬೆನ್ನು ನೆಟ್ಟಗಿಟ್ಟು ಕೂತು ನೂಲಿನಂಥ ಗೆರೆ ಎಳೆಯುವ ಜನ. ಇಂದು ಒಬ್ಬಾಕೆ ಹೊಳೆಗೆ ನೀಲಿ ತುಂಬುತ್ತಿದ್ದಳು. ಅವಳ ಕೈ ತಿರುವಿನಲ್ಲಿ ನಿಧಾನವಾಯಿತು, ನೀರೇ ತಿರುವಿನಲ್ಲಿ ನಿಧಾನವಾಗುವ ಹಾಗೆ. ಗಾಜಣ್ಣ ಹೊರಳಿ ನೋಡಿದ. ಅದೇ ಹೊಳೆ ಅವನ ಬೆನ್ನ ಹಿಂದೆ, ಊರಿನ ಅಂಚಿನಲ್ಲಿ, ಬೆಳಕು ಹೊತ್ತು ಮಲಗಿತ್ತು. ಇಲ್ಲಿ ಬಂದರೆ ಊರೆಲ್ಲ ಅಂಗೈಯಲ್ಲಿ, ಎಂದುಕೊಂಡ. ಅಷ್ಟರಲ್ಲಿ ಬಿಸಿಲು ಹಾಳೆಗೆ ಬಿತ್ತೆಂದು ಆಕೆ ಎದ್ದು ಕಿಟಕಿಯ ಪರದೆ ಎಳೆದುಬಿಟ್ಟಳು. ಗಾಜಿನಲ್ಲಿ ಅವನ ಮುಖವೊಂದೇ ಉಳಿಯಿತು. ದಿನವೆಲ್ಲ ಪರದೆ ಎಳೆದುಕೊಂಡು ಊರನ್ನು ಬರೆಯುವ ಕೆಲಸ! ಹಗ್ಗ ಅಲುಗಿಸಿ ಇಳಿಸಲು ಹೇಳಿದ.

ವಕೀಲರ ಮೀನುತೊಟ್ಟಿ ಇಂದು ಖಾಲಿಯಿತ್ತು. ಹತ್ತನೇ ಮಹಡಿಯಲ್ಲಿ ಯಾರೋ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದರು. ಅವರ ಗಾಜನ್ನು ಅವನು ಮೆಲ್ಲಗೆ ಒರೆಸಿದ, ಸದ್ದು ಕೇಳಿಸುವುದಿಲ್ಲವೆಂದು ಗೊತ್ತಿದ್ದರೂ.

ಒಂಬತ್ತರಲ್ಲಿ ಡಾಕ್ಟರಮ್ಮನ ಕುರ್ಚಿ ಕಿಟಕಿಗೆ ಮುಖ ಮಾಡಿತ್ತು. ಇಡೀ ಕಟ್ಟಡದಲ್ಲಿ ಅವನನ್ನು ನೇರವಾಗಿ ನೋಡುವವರೆಂದರೆ ಆ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದವರು ಮಾತ್ರ. ಪಾಪ, ಅವರಿಗೆ ಬೇರೆ ಏನನ್ನೂ ನೋಡುವ ಉಪಾಯ ಇರಲಿಲ್ಲ. ಇಂದು ಒಬ್ಬ ಅಜ್ಜಿ ಒರಗಿದ್ದಳು. ಕುರ್ಚಿಯ ತೋಳನ್ನು ಹಿಡಿದ ಬೆರಳುಗಳ ಗಿಣ್ಣುಗಳು ಬಿಳಿಚಿದ್ದವು. ಇಂಥವರಿಗೆಂದೇ ಗಾಜಣ್ಣನಲ್ಲಿ ಒಂದು ರೂಢಿಯಿತ್ತು. ಗಡಿಬಿಡಿ ಮಾಡದೆ, ಬಟ್ಟೆಯನ್ನು ನೊರೆಯಲ್ಲಿ ಅದ್ದಿ, ದೊಡ್ಡ ದೊಡ್ಡ ಸುತ್ತು ಬರೆದ. ಒಂದು ಸುತ್ತಿನೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ನೊರೆ ಮೋಡದಂತೆ ಇಳಿಯಿತು. ಅಜ್ಜಿಯ ಕಣ್ಣು ಅದರ ಹಿಂದೆಯೇ ತಿರುಗಿತು. ನೋಡುನೋಡುತ್ತ ಬೆರಳುಗಳು ಒಂದೊಂದಾಗಿ ಸಡಿಲವಾದವು. ಡಾಕ್ಟರಮ್ಮ ತಲೆಯೆತ್ತದೆ ಕೆಲಸ ಮುಗಿಸಿದರು.

ಇಲ್ಲಿಗೇ ಬಂದುಬಿಡಲೇ? ಮನಸ್ಸು ಬಹಳ ಎಳೆಯಿತು. ಆದರೆ ಒಳಗೆ ಬಂದರೆ ಅವನು ಅಜ್ಜಿಯ ತಲೆಯ ಹಿಂದೆ ತಟ್ಟೆ ಹಿಡಿದು ನಿಂತಿರುತ್ತಾನೆ. ನೊರೆ ಯಾರು ಬರೆಯುತ್ತಾರೆ? ಭಾವಮೈದನಿಗೆ ಇದನ್ನು ಕಲಿಸಿಕೊಡಬೇಕು ಎಂದುಕೊಂಡು ಕೆಳಗಿಳಿದ.

ಏಳನೇ ಮಹಡಿ. ಅವನ ನೆರಳು ಮೇಜಿನ ಮೇಲೆ ಬಿದ್ದದ್ದೇ ತಡ, ಆಕೆ ತಲೆ ತಗ್ಗಿಸಿದಳು, ಬೆರಳು ಹೆಣೆದಳು, ಮುಖದ ಬೆಳಕು ಆರಿಹೋಯಿತು. ಸುತ್ತಲಿನ ಕುರ್ಚಿಗಳಲ್ಲಿ ಜನರಿದ್ದರೂ ಅವಳು ಒಬ್ಬಳೇ ಇದ್ದಂತೆ ಕಂಡಳು. ಗಾಜಣ್ಣ ಚುಕ್ಕೆಯನ್ನು ಉಜ್ಜತೊಡಗಿದ.

"ಇವತ್ತು ಕಡೇ ದಿನ ಕಣಮ್ಮ," ಎಂದ ಗಾಜಿಗೆ. "ಎಷ್ಟು ವರ್ಷ ಆಯ್ತು, ಒಂದ್ಸಲಾನೂ ನಗಲಿಲ್ಲ ನೀನು. ಆಯ್ತು, ಬಿಡು. ಸೋಮವಾರ ನಾನೇ ಒಳಗೆ ಬರ್ತೀನಿ. ಆಗ ಏನ್ಮಾಡ್ತೀಯೋ ನೋಡೋಣ."

ಅವಳು ಕಣ್ಣು ಮುಚ್ಚಿದಳು. ಅವನ ಆಯ್ಕೆ ಮುಗಿದಿತ್ತು.

ಕೆಳಗೆ ಕಾಲು ನೆಲಕ್ಕೆ ತಾಗಿದಾಗ ಮೇಡಂ ಬೀಗದ ಕೈ ಆಡಿಸುತ್ತ ನಿಂತಿದ್ದರು.

"ಏಳನೇ ಮಹಡಿ," ಎಂದ ಗಾಜಣ್ಣ, ಬೆಲ್ಟು ಬಿಚ್ಚುವ ಮೊದಲೇ.

"ಹೌದಾ? ನೀವು ಡಾಕ್ಟ್ರ ಹತ್ರ ಹೋಗ್ತೀರಿ ಅಂದ್ಕೊಂಡಿದ್ದೆ. ಯಾಕೆ ಏಳು?"

"ಅಲ್ಲೊಬ್ಬರು ಬಹಳ ದುಃಖದಲ್ಲಿದಾರೆ ಮೇಡಂ. ಜೊತೆಗೆ ಒಂದು ಜನ ಇರ್ಲಿ ಅಂತ."

"ಏಳರಲ್ಲಾ?" ಮೇಡಂ ಹುಬ್ಬೇರಿಸಿದರು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವರ ಫೋನು ರಿಂಗಾಯಿತು.

*

ಸೋಮವಾರ ಅವನು ಮೊದಲ ಸಲ ಮುಂದಿನ ಲಿಫ್ಟು ಹತ್ತಿದ. ಕನ್ನಡಿಯಿದ್ದ ಲಿಫ್ಟು. ಹೆಂಡತಿ ಇಸ್ತ್ರಿ ಮಾಡಿಕೊಟ್ಟ ಅಂಗಿಯಲ್ಲಿ ತನ್ನನ್ನು ತಾನೇ ನೋಡಿಕೊಂಡಾಗ, ಹಿಂದೆ ಮೋಡವಿಲ್ಲದ ತನ್ನ ಮುಖ ಬರಿದಾಗಿದೆ ಎನಿಸಿತು. ಬಾಗಿಲು ತೆರೆಯಿತು.

ಮೊದಲು ಬಂದದ್ದು ನಗು. ಸ್ಟೀಲಿನ ಮುಚ್ಚಳವೊಂದು ಕೈತಪ್ಪಿ ಬಿದ್ದು, ನೆಲದ ತುಂಬ ಗಿರಗಿರನೆ ಸುತ್ತಿ, ಇನ್ನೇನು ನಿಂತಿತು ಎನ್ನುವಾಗ ಮತ್ತೆ ಸುತ್ತುತ್ತದಲ್ಲ, ಅಂಥ ನಗು. ಯಾರು ಎಂದು ಇಣುಕಿದ. ಮೂಲೆಯ ಕಿಟಕಿಯ ಪಕ್ಕ, ಆ ದಪ್ಪ ಜಡೆ. ಹೆಡ್‌ಫೋನು ಕತ್ತಿಗೆ ಜಾರಿತ್ತು, ಆಕೆ ಮೇಜು ಬಡಿದು ನಗುತ್ತಿದ್ದಳು, ಕಣ್ಣಲ್ಲಿ ನೀರು.

ಗಾಜಣ್ಣ ಬಾಗಿಲಲ್ಲೇ ನಿಂತುಬಿಟ್ಟ.

"ಹೆದರ್ಕೋಬೇಡಿ," ಎಂದರು ಅಲ್ಲಿನ ಮುಖ್ಯಸ್ಥರು, ಬೋಳುತಲೆಯ ಸಣ್ಣ ಮನುಷ್ಯ. "ದಿನಾ ಇದೇ ಕಥೆ. ನಮ್ಮದು ಕಥೆಗಳನ್ನ ಓದಿಸಿ ರೆಕಾರ್ಡ್ ಮಾಡೋ ಕೆಲಸ. ಮಕ್ಕಳಿಗೆ, ಕಣ್ಣು ಕಾಣದೋರಿಗೆ. ಓದೋರು ಎಲ್ಲಿ ತಪ್ಪಿದಾರೆ ಅಂತ ಪುಸ್ತಕ ಇಟ್ಕೊಂಡು ಕೇಳಿ ಹಿಡಿಯೋದು ಇವರ ಕೆಲಸ. ತಪ್ಪು ಸಿಕ್ಕಿದ್ರೆ ಸಾಕು, ನೋಡಿ ಹೀಗೆ. ನಗು ಪಕ್ಕದ ರೆಕಾರ್ಡಿಂಗ್ ಒಳಗೂ ನುಗ್ಗುತ್ತೆ ಅಂತ ಇವರನ್ನ ಕಿಟಕಿ ಮೂಲೆಗೆ ಹಾಕಿದೀವಿ."

"ರಾಜಕುಮಾರ ಕುದುರೆ ಏರಿದ ಅನ್ನೋದನ್ನ ಕುದುರೆ ರಾಜಕುಮಾರನ್ನ ಏರಿತು ಅಂತ ಓದಿದಾರೆ ಸಾರ್!" ಎಂದು ಆಕೆ ಅಲ್ಲಿಂದಲೇ ಕೂಗಿದಳು. ಮುಚ್ಚಳ ಮತ್ತೆ ಸುತ್ತತೊಡಗಿತು.

ಮಧ್ಯಾಹ್ನದವರೆಗೆ ಗಾಜಣ್ಣನಿಗೆ ಕಾಲ ಕೆಳಗಿನ ನೆಲ ಒಗ್ಗಲಿಲ್ಲ. ಎಲ್ಲದಕ್ಕೂ ಸದ್ದಿತ್ತು. ಕುರ್ಚಿಗೆ, ಕಾಗದಕ್ಕೆ, ಕೆಮ್ಮಿಗೆ, ಚಮಚಕ್ಕೆ. ಟೀ ಹಿಡಿದು ಹೋದರೆ ಜನ ಮುಖ ನೋಡಿ ಮಾತಾಡಿಸುತ್ತಿದ್ದರು, ಉತ್ತರ ಕೊಡಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಒಂದು ಮಾತು ಒಳಗೆ ಕೊರೆಯುತ್ತಿತ್ತು: ಸಂತೈಸಲೆಂದು ಬಂದೆ, ಇಲ್ಲಿ ಸಂತೈಸಬೇಕಾದವರೇ ಇಲ್ಲ. ಸಿಕ್ಕ ಒಂದೇ ಅವಕಾಶವನ್ನು, ಇಲ್ಲದ ಒಂದು ದುಃಖವನ್ನು ನಂಬಿ ಕಳೆದುಕೊಂಡೆ. ಈ ಒಬ್ಬಳ ವಿಷಯದಲ್ಲೇ ಹೀಗಾದರೆ, ಗೆದ್ದ ಗಡ್ಡದ ವಕೀಲರು? ನೆಟ್ಟಗೆ ಕೂತ ನಕ್ಷೆಯವರು? ಇಪ್ಪತ್ತು ವರ್ಷ ಹೆಂಡತಿಯ ಮುಂದೆ ಸುರಿದ ಕಥೆಗಳಲ್ಲಿ ನಿಜವೆಷ್ಟು? ಇಷ್ಟು ದಿನ ಬೆಟ್ಟವೆಂದು ನೋಡಿದ್ದು ಗಾಜಿನ ಮೇಲಿನ ನೊರೆಯೇ ಇರಬಹುದು.

ಮಧ್ಯಾಹ್ನದ ಟೀಯನ್ನು ಆಕೆಯ ಮೇಜಿಗಿಡುವಾಗ ಲೋಟ ತಟ್ಟೆಯ ಅಂಚಿಗೆ ತಾಗಿ ಸದ್ದು ಮಾಡಿತು. ಆಕೆ ತಲೆಯೆತ್ತಿದಳು. ನೋಡಿದಳು. ಕಿಟಕಿಯ ಕಡೆ ನೋಡಿ, ಮತ್ತೆ ಅವನನ್ನು ನೋಡಿದಳು. ಗಾಜಣ್ಣನ ಕಣ್ಣೆದುರಿಗೇ ಅವಳ ಮುಖದ ಬೆಳಕು ಆರಿತು. ಬೆರಳುಗಳು ಒಂದನ್ನೊಂದು ಹೆಣೆದುಕೊಂಡವು. ಅದೇ ಮುಖ.

"ನೀವು... ಹಗ್ಗದ ಅಣ್ಣ ಅಲ್ವಾ?"

"ಹೌದಮ್ಮ."

"ಇಳಿದುಬಿಟ್ರಾ? ಇನ್ನು ಹತ್ತೋದಿಲ್ಲ ತಾನೆ?"

"ಇಲ್ಲಮ್ಮ. ವಯಸ್ಸಾಯ್ತು ಅಂತ ಇಳಿಸಿದ್ರು."

"ಅಯ್ಯೋ, ಬದುಕಿಕೊಂಡೆ!" ಆಕೆ ಎದೆಯ ಮೇಲೆ ಕೈಯಿಟ್ಟು ಉದ್ದನೆಯ ಉಸಿರು ಬಿಟ್ಟಳು. "ನಿಮ್ಮಿಂದ ನನ್ನ ಆಯಸ್ಸು ಅರ್ಧ ಆಗಿದೆ ಅಣ್ಣ. ನನಗೆ ಸ್ಟೂಲ್ ಹತ್ತಿದ್ರೂ ತಲೆ ತಿರುಗುತ್ತೆ. ನೀವು ನೋಡಿದ್ರೆ ಅಲ್ಲಿ ನೇತಾಡ್ಕೊಂಡು, ಪಾಪ, ಭಯಕ್ಕೆ ದೇವರ ಹೆಸರು ಹೇಳ್ತಾ ಇರ್ತಿದ್ರಿ. ತುಟಿ ಅಲ್ಲಾಡೋದು ಕಾಣ್ತಿತ್ತು. ಇಷ್ಟು ಹೆದರಿಕೆ ಇಟ್ಕೊಂಡು ಯಾಕಪ್ಪಾ ಈ ಕೆಲಸ ಮಾಡ್ತಾರೆ ಅಂತ ಮರುಗ್ತಿದ್ದೆ. ನೀವು ಕೆಳಗೆ ಹೋಗೋ ತನಕ ಉಸಿರು ಬಿಗಿಹಿಡಿದು ನಿಮ್ಮ ಪರವಾಗಿ ನಾನೂ ದೇವರನ್ನ ಬೇಡ್ಕೊಳ್ತಿದ್ದೆ."

ಗಾಜಣ್ಣನಿಗೆ ಹಗ್ಗ ತುಂಡಾದಂತಾಯಿತು. "ದೇವರ ಹೆಸರಾ?" ಎಂದ. "ನಾನು ನಿಮಗೆ ನಗಿ ಅಂತ ಹೇಳ್ತಿದ್ದೆ ತಾಯಿ!"

"ನನಗಾ?"

"ನೀವು ಯಾವಾಗ ನೋಡಿದ್ರೂ ಸಾವಿನ ಮನೇಲಿ ಕೂತ ಹಾಗೆ ಇರ್ತಿದ್ರಿ. ಒಂದ್ಸಲ ನಗಲಿ, ಆಮೇಲೆ ಇಳಿಯೋಣ ಅಂತ ಕಾಯ್ತಿದ್ದೆ."

"ಅಯ್ಯೋ ಅಣ್ಣಾ, ಮನುಷ್ಯ ಪ್ರಾಣ ಕೈಲಿ ಹಿಡ್ಕೊಂಡಿರೋವಾಗ ಎದುರಿಗೆ ಕೂತು ಹಲ್ಲು ಕಿರಿಯೋದಾ? ಇವರು ಇಳಿಯಲಿ, ಆಮೇಲೆ ನಗೋಣ ಅಂತ ನಾನು ಕಾಯ್ತಿದ್ದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ಮುಚ್ಚಳ ಬಿದ್ದದ್ದು ಆಕೆಯ ಕಡೆಯಿಂದ. ಗಾಜಣ್ಣ ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಬೋಳುತಲೆಯವರು ಓಡಿಬಂದರು, "ರೆಕಾರ್ಡಿಂಗ್, ರೆಕಾರ್ಡಿಂಗ್!" ಎಂದು ಕೈ ಮುಗಿದರು. ಯಾವುದೋ ಮಗು ಮುಂದೆಂದೋ ಕೇಳುವ ಕಥೆಯೊಂದರಲ್ಲಿ, ಕಾಡಿನ ನಡುವೆ, ಈ ಇಬ್ಬರ ನಗುವೂ ಸೇರಿಹೋಗಿದೆಯೋ ಏನೋ.

ಕಣ್ಣೊರೆಸಿಕೊಂಡು ಆಕೆ ಕೇಳಿದಳು, "ಅದು ಸರಿ. ಎಲ್ಲರ ಕಿಟಕೀಲೂ ಸರಕ್ ಅಂತ ಜಾರೋರು ನನ್ನ ಕಿಟಕೀಲಿ ಮಾತ್ರ ಯಾಕೆ ಅಷ್ಟು ಹೊತ್ತು?"

ಗಾಜಣ್ಣ ಬಗ್ಗಿ ಕೆಳಮೂಲೆಯ ಚುಕ್ಕೆಯನ್ನು ತೋರಿಸಿದ. ಯಾವ ಕಾಲದಲ್ಲೋ ಅಂಟಿಸಿದ ಟೇಪಿನ ಗೋಂದು, ಒಣಗಿ ಕಂದಾಗಿತ್ತು. ಒಳಬದಿಯಲ್ಲೇ ಇತ್ತು. "ಇದನ್ನ ಉಜ್ಜೋ ನೆಪ. ಒಳಗಡೇದು ಅಂತ ನನಗೂ ಗೊತ್ತಿತ್ತು."

ಬಿಸಿನೀರಲ್ಲಿ ಬಟ್ಟೆ ಅದ್ದಿ ತಂದು ಚುಕ್ಕೆಯ ಮೇಲೆ ಒತ್ತಿಹಿಡಿದ. ಸ್ವಲ್ಪ ಹೊತ್ತು ಬಿಟ್ಟು ಉಗುರಿನಿಂದ ಕೆರೆದ. ಇಷ್ಟು ವರ್ಷ ಜಗ್ಗದ್ದು ಒಂದೇ ಎಳೆತಕ್ಕೆ ಎದ್ದು ಬಂತು. ಆ ಜಾಗದಲ್ಲಿ ಈಗ ಆಕಾಶದ ಒಂದು ಚೂರು, ಉಳಿದ ಆಕಾಶಕ್ಕೆ ಸೇರಿಕೊಂಡಿತು. ತಪ್ಪು ಆರಿಸಿದೆನೆಂಬ ಕೊರೆತ ಆಗ ಮೊದಲ ಸಲ ಅವನ ಮನಸ್ಸಿನಿಂದ ದೂರವಾಯಿತು.

*

ಆ ವಾರವೇ ಒಂದು ಬೆಳಿಗ್ಗೆ ಕಿಟಕಿಯ ಮೇಲಂಚಿನಲ್ಲಿ ಎರಡು ಬೂಟು ಕಂಡವು. ಗಾಜಣ್ಣ ಟೀ ತಟ್ಟೆ ಹಿಡಿದು ನಿಂತಿದ್ದ. ನೆರಳು ಮೇಜುಗಳ ಮೇಲೆ ಹರಿದಾಡಿತು. ಆ ಕ್ಷಣವೇ ಕೋಣೆ ಬದಲಾಯಿತು. ಬೆನ್ನು ಬಾಗಿಸಿ ಕೂತವರು ನೆಟ್ಟಗಾದರು. ಆಕಳಿಸುತ್ತಿದ್ದವರು ಕಾಗದ ಎತ್ತಿಕೊಂಡರು. ಫೋನಿನಲ್ಲಿ ಗೊಣಗುತ್ತಿದ್ದವರು ದನಿ ತಗ್ಗಿಸಿದರು. ಹೀಗೋ, ಎಂದುಕೊಂಡ ಅವನು. ಇಷ್ಟು ವರ್ಷ ತಾನು ಕಂಡದ್ದು ಇದನ್ನೇ. ಕಿಟಕಿಯಲ್ಲಿ ತಾನಿದ್ದ ಹೊತ್ತಿನ ಕೆಲಸವನ್ನು. ತಾನಿಲ್ಲದ ಹೊತ್ತಿನದನ್ನು ಅವನು ಕಂಡದ್ದೇ ಇರಲಿಲ್ಲ.

ಬೂಟಿನ ಹಿಂದೆ ಭಾವಮೈದ ಇಳಿದ. ಹೊಸಬ, ಬೆಲ್ಟನ್ನು ಬಿಗಿಯಾಗಿ ಹಿಡಿದಿದ್ದ. ತುಟಿ ಅಲ್ಲಾಡುತ್ತಿತ್ತು. ಜಡೆಯಾಕೆ ಆಗಲೇ ಬೆರಳು ಹೆಣೆದಿದ್ದಳು.

"ಅಣ್ಣಾ, ಇವರೂ..."

ಗಾಜಣ್ಣ ಆ ತುಟಿಗಳನ್ನು ನೋಡಿದ. ದೇವರ ಹೆಸರೇ ಎಂದು ಒಂದು ಕ್ಷಣ ಅನಿಸಿತು. ಹೇಳಿಬಿಡುವ ಮೊದಲು ಕಿಟಕಿಗೆ ಹೋಗಿ ಗಾಜಿನೆದುರು ಕೈ ಬೀಸಿದ. ತನ್ನ ಬಾಯಿ ತೋರಿಸಿ, ಏನು ಎಂದು ಕೈ ತಿರುಗಿಸಿದ. ಭಾವಮೈದ ಭಾವನನ್ನು ಒಳಗೆ ಕಂಡು ಹಿಗ್ಗಿಹೋದ. ರಬ್ಬರ್ ಪಟ್ಟಿಯನ್ನು ಮೈಕಿನಂತೆ ಹಿಡಿದು, ಕತ್ತು ಕೊಂಕಿಸಿ, ಕಣ್ಣು ಮುಚ್ಚಿ ಗಾಜಿಗೇ ಹಾಡಿ ತೋರಿಸಿದ.

"ಹಾಡ್ತಿದಾನೆ ಅಷ್ಟೆ ತಂಗಿ," ಎಂದ ಗಾಜಣ್ಣ. "ನಮ್ಮ ಪುಣ್ಯ, ಕೇಳಿಸೋದಿಲ್ಲ."

ಆಕೆ ನಕ್ಕಳು. ಹೊರಗಿದ್ದವನು ಆ ನಗುವನ್ನು ನೋಡಿ ಪಟ್ಟಿಯನ್ನು ಕೈಬಿಟ್ಟ. ದಾರ ಕಟ್ಟಿದ್ದರಿಂದ ಅದು ಬಕೆಟ್ಟಿನ ಪಕ್ಕ ತೂಗಿತು. ಗಾಜಣ್ಣ ಮೇಲಿನ ಎಡಮೂಲೆಯಲ್ಲಿ ಅವನು ಬಿಟ್ಟಿದ್ದ ನೀರಿನ ಗೆರೆಯನ್ನು ಬೆರಳಿನಿಂದ ತೋರಿಸಿದ. ಭಾವಮೈದ ನಾಲಿಗೆ ಕಚ್ಚಿಕೊಂಡು ಒರೆಸಿದ, ಇಳಿದು ಹೋದ.

ಅಂದು ಸಂಜೆ ಅವನು ನೇರವಾಗಿ ಅಕ್ಕನ ಮನೆಗೇ ಬಂದ. ಮೆಟ್ಟಿಲ ಮೇಲೆ ಕೂತು, ಲೋಟದ ಟೀ ಆರುವವರೆಗೂ ಮಾತಾಡಿದ.

"ಅಕ್ಕಾ, ಭಾವನದು ಲಾಟರಿ ಹೊಡೆದಿದೆ. ಆ ಏಳನೇ ಮಹಡೀಲಿ ಕೆಲಸಾನೇ ಇಲ್ಲ. ನಾನು ಕಣ್ಣಾರೆ ನೋಡ್ದೆ. ಬರೀ ನಗ್ತಾ ಕೂತಿರ್ತಾರೆ. ಅದರ ಕೆಳಗೆ ಇದಾರಲ್ಲ, ದರ್ಜಿಗಳು, ಅವರಿಗೆ ಏನೋ ದೊಡ್ಡ ಚಿಂತೆ. ಪಾಪ, ಒಬ್ಬೊಬ್ಬರ ಮುಖ ನೋಡ್ಬೇಕು ನೀನು..."

ಗಾಜಣ್ಣ ತುಟಿಯಂಚಿನಲ್ಲೇ ನಕ್ಕ. ಭಾವಮೈದ ಎದ್ದು ಹೋದ ಮೇಲೆ ಅವನ ಲೋಟವನ್ನು ಬದಿಗೆ ಸರಿಸಿಟ್ಟ.

"ಏನ್ರೀ, ಒಳಗೆ ಹೋದ್ಮೇಲೆ ಮಾತೇ ನಿಂತೋಯ್ತಾ?" ಎಂದಳು ಹೆಂಡತಿ. "ನಿಮ್ಮ ಅರಮನೇಲಿ ಇವತ್ತು ಏನೂ ಆಗಲಿಲ್ವಾ?"

"ನನ್ನದು ಇರ್ಲಿ. ನೀನು ಹೇಳು. ನಿಮ್ಮ ಒಲೆ ಹತ್ರ ಏನಾಯ್ತು?"

"ಏನಿರುತ್ತೆ. ಹಿಟ್ಟು, ಬಿಸಿ."

ಅವನು ಎದ್ದು ಹೋಗಲಿಲ್ಲ, ಆಕಾಶವನ್ನೂ ನೋಡಲಿಲ್ಲ. ಅವಳ ಕಡೆ ತಿರುಗಿ, ಮೊಣಕಾಲ ಮೇಲೆ ಗಲ್ಲವೂರಿ ಕೂತ. ಬೀದಿಯ ದೀಪ ಹತ್ತಿತು. ಅವಳು ಮೊಣಕೈಯ ಒಣಗಿದ ಹಿಟ್ಟನ್ನು ಉಗುರಿನಿಂದ ಬಿಡಿಸುತ್ತ, ಅವನು ಇನ್ನೂ ಕಾಯುತ್ತಿರುವುದನ್ನು ಓರೆಗಣ್ಣಲ್ಲಿ ನೋಡಿದಳು.

"ಹಿಟ್ಟು ಉಬ್ಬೋವಾಗ ಒಂದು ಸದ್ದು ಮಾಡುತ್ತೆ, ಗೊತ್ತಾ ನಿಮಗೆ?" ಎಂದಳು ಮೆಲ್ಲಗೆ. "ಬೆಳಗಿನ ಜಾವ ಯಂತ್ರ ಶುರುವಾಗೋ ಮುಂಚೆ ಕಿವಿಗೊಟ್ರೆ ಮಾತ್ರ ಕೇಳಿಸುತ್ತೆ..."

"ಎಂಥ ಸದ್ದು?" ಎಂದ ಗಾಜಣ್ಣ.

ಅವಳು ಹೇಳತೊಡಗಿದಳು.